ಟೇಪ್ ಸುತ್ತಿದ ಪೈಪು

ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಶೆಡ್ಡಿನಲ್ಲಿ ನಾನು ಗ್ಯಾಸ್ ವೆಲ್ಡಿಂಗ್ ಕಲಿತೆ. ಆ ದಿನ ಒಂದು ಟ್ರೇಲರ್ ಬಂದಿತ್ತು. ಹಿಂದಿನ ಬಾಗಿಲಿನ ಕೀಲು ಮುರಿದಿತ್ತು. ತೆಂಗಿನಕಾಯಿ ತುಂಬಬೇಕು, ಬೇಗ ಮಾಡಿಕೊಡಿ ಅಂತ ರೈತರು ಪಕ್ಕದಲ್ಲೇ ನಿಂತಿದ್ದರು.

ವೆಲ್ಡಿಂಗ್ ಟಾರ್ಚ್ ಹಿಡಿದಾಗಲೇ ಬೆಳ್ಳುಳ್ಳಿಯಂಥ ವಾಸನೆ ಬಂತು. ಆಕ್ಸಿಜನ್ ಜೊತೆ ಸೇರಿಸಿ ಉರಿಸುವ ಅಸಿಟಲೀನ್ ಗ್ಯಾಸ್ ಸೋರಿದರೆ ಬರುವ ವಾಸನೆ ಅದು. ಆ ಗ್ಯಾಸಿನ ಕೆಂಪು ಪೈಪು ಟಾರ್ಚಿಗೆ ಸೇರುವ ಕಡೆ ಬಾಗಿ ಬಾಗಿ ಸೀಳು ಬಿಟ್ಟಿತ್ತು. ಹತ್ತು ನಿಮಿಷದ ಕೆಲಸ ಅಲ್ವಾ ಅಂತ ನಾಲ್ಕು ಸುತ್ತು ಟೇಪ್ ಸುತ್ತಿ ಬೆಂಕಿ ಹಚ್ಚಿದೆ.

ಕೀಲು ಕೆಂಪಗಾಗುವ ಮೊದಲೇ ಟೇಪಿನ ಸಂದಿಯಿಂದ ಬೆರಳುದ್ದದ ಜ್ವಾಲೆ ಎದ್ದಿತು. ನಾನು ಟಾರ್ಚನ್ನು ಕೈಬಿಟ್ಟೆ. ಮೇಸ್ತ್ರಿ ಓಡಿ ಬಂದು ಸಿಲಿಂಡರ್ ಬಂದ್ ಮಾಡಿದರು. ಜ್ವಾಲೆ ಆರಿತು.

"ಚಾವಿ ಸಿಲಿಂಡರ್ ಮೇಲೇ ಇರ್ಲಿ ಅಂತ ದಿನಾ ಯಾಕೆ ಹೇಳ್ತೀನಿ, ಗೊತ್ತಾಯ್ತೇನೋ?" ಅಂದರು. ಸಿಲಿಂಡರ್ ಬಂದ್ ಮಾಡುವ ಆ ಚಾವಿಯನ್ನು ಹುಡುಕುತ್ತಾ ಹೋಗಿದ್ದರೆ ಏನಾಗುತ್ತಿತ್ತೋ!

ಪೈಪಿನಲ್ಲಿ ಉಳಿದ ಗ್ಯಾಸನ್ನು ಹೊರಗೆ ಬಿಟ್ಟು, ಸೀಳಿದ ತುದಿಯನ್ನು ಗೇಣುದ್ದ ಕತ್ತರಿಸಿ, ಹೊಸ ಕ್ಲಿಪ್ ಹಾಕಿಸಿದರು. ಕೆಂಪು ಪೈಪಿನ ನಟ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಅದು ಆಕ್ಸಿಜನ್ ಕಡೆಗೆ ಕೂರಬಾರದು ಅಂತಲೇ ಹಾಗೆ ಮಾಡಿರೋದು. ನಡುವೆ ಜೋಡಿಸಬೇಕಾದರೆ ತಾಮ್ರದ ತುಂಡು ಇಡಬಹುದಾ ಅಂತ ಕೇಳಿದೆ. ಮೇಸ್ತ್ರಿ ಗಾಬರಿಯಾದರು. ತಾಮ್ರಕ್ಕೆ ಅಸಿಟಲೀನ್ ತಾಗಿದರೆ ಒಳಗೊಂದು ಪದರ ಕೂರುತ್ತದೆ, ಸಣ್ಣ ಪೆಟ್ಟಿಗೂ ಅದು ಸಿಡಿಯುತ್ತದೆ ಅಂದರು.

ಆಮೇಲೆ ಎರಡೂ ಪೈಪನ್ನು ಮೊಳ ಮೊಳ ಬಾಗಿಸಿ ನೋಡಲು ಹೇಳಿದರು. ನೇರವಾಗಿದ್ದಾಗ ಕಾಣದ ಬಿರುಕು ಬಾಗಿಸಿದರೆ ಬಾಯಿ ಬಿಡುತ್ತದೆ. ಅನುಮಾನ ಬಂದ ಕಡೆಯೆಲ್ಲ ಸೋಪಿನ ನೀರು ಹಚ್ಚಿದೆ. ಗುಳ್ಳೆ ಬಂದರೆ ಸೋರಿಕೆ. ಬೆಂಕಿಕಡ್ಡಿ ಹಿಡಿದು ನೋಡುವವರನ್ನೂ ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಆಕ್ಸಿಜನ್ನಿನ ನೀಲಿ ಪೈಪು ಟ್ರೇಲರ್ ಚಕ್ರದ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಮೈಗೆಲ್ಲ ಬೇರಿಂಗ್ ಗ್ರೀಸ್. ಒತ್ತಡದ ಆಕ್ಸಿಜನ್ನಿಗೆ ಗ್ರೀಸ್ ಸಿಕ್ಕರೆ ಕಿಡಿ ಇಲ್ಲದೆಯೂ ಹತ್ತಿಕೊಳ್ಳಬಹುದು. ಆ ಪೈಪನ್ನೇ ಮೇಸ್ತ್ರಿ ಪೂರ್ತಿ ತೆಗೆದುಹಾಕಿದರು. ಹೊಸದು ತರಲು ನಾನು ಪೇಟೆಗೆ ಹೋದೆ. ಬೆಂಕಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಎರಡನ್ನೂ ತಂದೆ.

ಅಷ್ಟರಲ್ಲಿ ಸಂಜೆಯಾಗಿತ್ತು. ರೈತರು ಬೈತಾರೆ ಅಂದುಕೊಂಡಿದ್ದೆ. "ಕಾಯಿ ಎಲ್ಲೂ ಓಡ್ಹೋಗಲ್ಲ ಕಣಪ್ಪ, ನೋಡ್ಕೊಂಡು ಮಾಡು" ಅಂದರು. ಪೈಪನ್ನು ಚಕ್ರದಿಂದ ದೂರ ಎಳೆದು, ಒಂದೊಂದೇ ಗ್ಯಾಸನ್ನು ಸ್ವಲ್ಪ ಹೊತ್ತು ಹೊರಗೆ ಬಿಟ್ಟು, ಮತ್ತೆ ಟಾರ್ಚ್ ಹಚ್ಚಿದೆ. ಕೀಲು ಕೂರಿಸಲು ಹತ್ತೇ ನಿಮಿಷ ಸಾಕಾಯಿತು.