ದೊಡ್ಡ ಸಂಖ್ಯೆಯ ಪರೀಕ್ಷೆಗೆ ದುಂಡು ಸಂಖ್ಯೆ ಸಾಲದು

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ದೊಡ್ಡ ಸಂಖ್ಯೆ ಬೇಕೆಂದಾಗ ಹೆಚ್ಚಿನವರು ಒಂದರ ಮುಂದೆ ಸಾಲಾಗಿ ಸೊನ್ನೆ ಹಾಕಿ ಕೊಡುತ್ತಾರೆ. ನಾನು ಕೊಡುವುದು 9007199254740993, ಅಂದರೆ ಎರಡರ 53ನೆಯ ಘಾತಕ್ಕೆ ಒಂದು ಕೂಡಿಸಿದಾಗ ಬರುವ ಬೆಸ ಸಂಖ್ಯೆ.

ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು, ಕಂಪ್ಯೂಟರ್‌ನಲ್ಲಿ ಸಂಖ್ಯೆ ಬರೆಯುವ ಐಇಇಇ 754 ಮಾನದಂಡದ 64 ಬಿಟ್‌ಗಳಲ್ಲಿ (0 ಅಥವಾ 1 ಹಿಡಿಯುವ ಮನೆಗಳಲ್ಲಿ) ಕೂರುತ್ತವೆ: ಚಿಹ್ನೆಗೆ 1, ಘಾತಕ್ಕೆ 11, ಅಂಕಿಗಳಿಗೆ 52, ಬರೆಯದೆಯೇ ಇದೆಯೆಂದು ಹಿಡಿಯುವ ಮೊದಲ ಬಿಟ್ ಸೇರಿದರೆ ಅಂಕಿಗಳಿಗೆ ಒಟ್ಟು 53. ಹಾಗಾಗಿ ಎರಡರ 53ನೆಯ ಘಾತದವರೆಗೆ ಪ್ರತಿಯೊಂದು ಪೂರ್ಣಾಂಕಕ್ಕೂ ಜಾಗವಿದೆ. ಅದನ್ನು ದಾಟಿ 54ನೆಯ ಘಾತದವರೆಗೆ ಸಮಸಂಖ್ಯೆಗಳಿಗೆ ಮಾತ್ರ. ನಡುವೆ ಸಿಕ್ಕಿಬಿದ್ದ ಬೆಸ ಸಂಖ್ಯೆಯನ್ನು, ಉಳಿಯುವ 53 ಬಿಟ್‌ಗಳಲ್ಲಿ ಕೊನೆಯದು ಸೊನ್ನೆಯಾಗುವ ಕಡೆಗೆ ಸರಿಸಲಾಗುತ್ತದೆ. ಆದ್ದರಿಂದ 9007199254740993 ಒಂದು ಕಡಿಮೆಯಾಗಿ 992ರಲ್ಲಿ ಮುಗಿಯುತ್ತದೆ, 9007199254740995 ಒಂದು ಹೆಚ್ಚಾಗಿ 996ರಲ್ಲಿ ಮುಗಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ದುಂಡು ಸಂಖ್ಯೆಗಳು ಈ ದೋಷವನ್ನು ಮುಚ್ಚಿಡುತ್ತವೆ ಎಂಬುದು ನನ್ನ ಮಟ್ಟಿಗೆ ಇಲ್ಲಿನ ಅತಿ ಮುಖ್ಯ ಸಂಗತಿ. ಹತ್ತರ 22ನೆಯ ಘಾತವು ಇನ್ನೂ ಎಷ್ಟೋ ದೊಡ್ಡದಾದರೂ ಚೂರೂ ಬದಲಾಗದೆ ಉಳಿಯುತ್ತದೆ, ಏಕೆಂದರೆ ಅದರೊಳಗಿನ ಎರಡುಗಳೆಲ್ಲ ಘಾತದ ಬಿಟ್‌ಗಳಿಗೆ ಹೋಗುತ್ತವೆ, ಐದರ 22ನೆಯ ಘಾತವಾದ 2384185791015625 ಮಾತ್ರ 53 ಬಿಟ್‌ಗಳಲ್ಲಿ ಹಿಡಿದರೆ ಸಾಕು. ನಾನು ಕೆಲಸ ಮಾಡಿದ ಒಂದು ಬಿಲ್ಲಿಂಗ್ ವ್ಯವಸ್ಥೆ ಇಂಥ ಸಂಖ್ಯೆಗಳಲ್ಲಿ ಪಾಸಾಗಿತ್ತು. ಆದರೆ ಅಕ್ಕಪಕ್ಕದ ಎರಡು 16 ಅಂಕಿಯ ಗ್ರಾಹಕ ಸಂಖ್ಯೆಗಳು ಡೇಟಾಬೇಸ್‌ನಲ್ಲಿ ಬೇರೆ ಬೇರೆಯಾಗಿಯೇ ಇದ್ದರೂ ಬ್ರೌಸರ್‌ನಲ್ಲಿ ಒಂದೇ ಆಗಿ ಕಾಣುತ್ತಿದ್ದವು.

ಇಂಥ ಕಡೆ ಕಾಗದದ ಮೇಲೆ ಅಂಕಿಗಳನ್ನು ಕೂಡಿ ನೋಡುವುದು ನನಗೆ ಇಷ್ಟ. 9007199254740993ರ ಅಂಕಿಗಳ ಮೊತ್ತ 78, ಆದ್ದರಿಂದ ಅದು ಮೂರರಿಂದ ಭಾಗವಾಗುತ್ತದೆ (3 × 107 × 28059810762433). ಪರದೆಯ ಮೇಲೆ ಬಂದ, 992ರಲ್ಲಿ ಮುಗಿಯುವ ಸಂಖ್ಯೆಯ ಮೊತ್ತ 77, ಅದು ಭಾಗವಾಗುವುದಿಲ್ಲ. ಕೊನೆಯ ಅಂಕಿ ಕಣ್ತಪ್ಪಿದರೂ ಈ ಲೆಕ್ಕ ತಪ್ಪುವುದಿಲ್ಲ.

ಗ್ರಾಹಕ ಸಂಖ್ಯೆಯನ್ನು ಯಾರೂ ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಆದ್ದರಿಂದ ಅದನ್ನು ಜೇಸನ್‌ನಲ್ಲಿ (ಸರ್ವರ್ ಮತ್ತು ಬ್ರೌಸರ್ ನಡುವೆ ಮಾಹಿತಿ ಕಳುಹಿಸುವ ಪಠ್ಯರೂಪದಲ್ಲಿ) ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿಯೇ ಕಳುಹಿಸಬೇಕು. ನಿಜವಾಗಿ ಲೆಕ್ಕ ಮಾಡಬೇಕಾದಲ್ಲಿ 2020ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಇರುವ, ಎಷ್ಟೇ ದೊಡ್ಡ ಪೂರ್ಣಾಂಕವನ್ನೂ ನಿಖರವಾಗಿ ಹಿಡಿಯುವ ಬಿಗ್‌ಇಂಟ್ ಬಳಸಬಹುದು, ಆದರೆ ಆ ಪಠ್ಯದಿಂದಲೇ ನೇರವಾಗಿ. ಜೇಸನ್ ಅನ್ನು ಸಂಖ್ಯೆಯಾಗಿ ಓದಿಸಿ ಆಮೇಲೆ ಬಿಗ್‌ಇಂಟ್‌ಗೆ ಬದಲಾಯಿಸಿದರೆ, ಅಷ್ಟರಲ್ಲಿ 993 ಆಗಲೇ 992 ಆಗಿರುತ್ತದೆ.