ಎಸಿ ಹಾಕಿದ ಕೂಡ್ಲೆ ಮುಗ್ಗಲು ವಾಸನೆ: ಅಕ್ಕೋರ ಕಾರಿಂದ ನಾ ಕಲ್ತದ್ದು

ಕಾರವಾರದಲ್ಲಿ ಕಾರ್ ಎಸಿ ಕೆಲಸ ಮಾಡ್ತಾ ನಂಗೆ 14 ವರ್ಷ ಆಯ್ತು. ಮಿರ್ಗ, ಅಂದ್ರೆ ಜೂನ್ ಮೊದ್ಲಿನ ಮೃಗಶಿರಾ ಮಳೆ, ಹಿಡಿದು ಹದಿನೈದು ದಿನ ಕಳೀತು ಅಂದ್ರೆ ಅಂಗಡಿಗೆ ಬರೋ ಗಾಡಿಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು, "ಎಸಿ ಹಾಕಿದ ಕೂಡ್ಲೆ ಮುಗ್ಗಲು ವಾಸನೆ ಬರ್ತದೆ, ಸ್ವಲ್ಪ ಗ್ಯಾಸ್ ತುಂಬ್ಸಿ ಕೊಡಿ". ಗ್ಯಾಸಿಗೂ ಈ ವಾಸನೆಗೂ ಏನೇನೂ ಸಂಬಂಧ ಇಲ್ಲ. ಗ್ಯಾಸ್ ಪೈಪಿನ ಒಳಗೇ ಸುತ್ತುತಾ ಇರ್ತದೆ, ನಾವು ಮೂಗಿಗೆ ಎಳ್ಕೊಳ್ಳೂ ಗಾಳಿಗೆ ಅದು ತಾಗೂದೇ ಇಲ್ಲ. ವಾಸನೆ ನೀರಿಂದು. ಇದು ನಂಗೆ ಮೊದ್ಲಿಂದ ಗೊತ್ತಿತ್ತು, ಆದ್ರೂ ಒಂದು ಗಾಡಿ ವಿಷಯದಲ್ಲಿ ಎರಡು ಸಲ ತಪ್ಪು ಮಾಡಿದೆ, ಅದನ್ನ ಬರೀಬೇಕು ಅಂತ ಸುಮಾರು ದಿನದಿಂದ ಮನಸ್ಸಲ್ಲಿತ್ತು.

ಡ್ಯಾಶ್‌ಬೋರ್ಡ್ ಹಿಂದೆ ಕೂಲಿಂಗ್ ಕಾಯಿಲ್ ಇರ್ತದೆ, ಅಲ್ಯೂಮಿನಿಯಂ ರೆಕ್ಕೆಗಳು ಒತ್ತೊತ್ತಾಗಿ ಜೋಡಿಸಿದ ಒಂದು ಪೆಟ್ಟಿಗೆ ಹಾಗೆ. ತಣ್ಣೀರು ತುಂಬಿದ ಚೊಂಬು ಹೊರಗಡೆ ಬೆವರ್ತದಲ್ಲ, ಎಸಿ ಓಡುವಾಗ ಈ ಕಾಯಿಲ್ ಕೂಡ ಹಾಗೇ ಬೆವರ್ತದೆ. ನಮ್ಮ ಕರಾವಳಿ ಗಾಳಿಲಿ ಎಷ್ಟು ನೀರು ಅಂತ ನೋಡ್ಲಿಕ್ಕೆ ಒಂದ್ಸಲ ಗಾಡಿ ಕೆಳಗೆ ಡಬ್ಬ ಇಟ್ಟಿದ್ದೆ, ಅರ್ಧ ಗಂಟೆಲಿ ಅರ್ಧ ಲೀಟರಿಗೆ ಹತ್ರ ಬಂತು. ಈ ನೀರು ಒಂದು ರಬ್ಬರ್ ಪೈಪಿಂದ ಗಾಡಿ ಅಡಿಗೆ ಹೋಗ್ಬೇಕು. ಎಂಜಿನ್ ಆಫ್ ಮಾಡಿದ ಮೇಲೆ ಕಾಯಿಲ್ ನಿಧಾನ ಬಿಸಿಯಾಗ್ತದೆ, ಒದ್ದೆ ಅದೆ, ಕತ್ತಲೆ ಅದೆ, ಧೂಳು ಕೂತದೆ, ಬೂಸ್ಟು ಹಿಡಿಲಿಕ್ಕೆ ಇನ್ನೆಂತ ಬೇಕು? ಮರುದಿನ ಬೆಳಿಗ್ಗೆ ಗಾಳಿ ಊದೂ ಫ್ಯಾನ್, ಅಂದ್ರೆ ಬ್ಲೋವರ್, ತಿರುಗಿಸಿದ್ರೆ ಮೊದ್ಲ ಒಂದು ನಿಮಿಷ ಒದ್ದೆ ಸಾಕ್ಸಿನ ವಾಸನೆ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಒಬ್ರು ಅಕ್ಕೋರು, ಅಂದ್ರೆ ಶಾಲೆ ಟೀಚರ್, ಬಂದ್ರು. ದಿನಾ ಕಾರವಾರದಿಂದ ಕದ್ರಾ ಕಡೆ ಶಾಲೆಗೆ ಹೋಗಿ ಬರೂದು, ಮಗನ್ನೂ ಜೊತೆಗೆ ಕರ್ಕೊಂಡು. ಮಗನಿಗೆ ದಮ್ಮಿನ ತೊಂದ್ರೆ, ಗಾಡಿ ಹತ್ತಿದ ಕೂಡ್ಲೆ ಕೆಮ್ಮು ಶುರು. ನಾನು ಗ್ಲೋವ್ ಬಾಕ್ಸ್ ಬಿಚ್ಚಿ ಒಳಗೆ ಬರೂ ಗಾಳಿ ಸೋಸೂ ಕ್ಯಾಬಿನ್ ಫಿಲ್ಟರ್ ತೆಗ್ದೆ, ಕಪ್ಪಗೆ ಆಗಿ ಕೊಳೆತ ಎಲೆ ಅಂಟ್ಕೊಂಡಿತ್ತು. ಇದೇ ಕಾರಣ ಅಂತ ಹೊಸ ಫಿಲ್ಟರ್ ಹಾಕಿ, ಕಾಯಿಲ್‌ಗೆ ತೊಳೆಯೂ ಫೋಮ್ ಹೊಡೆದು ಕಳಿಸಿದೆ. ಹನ್ನೆರಡೇ ದಿನಕ್ಕೆ ಅಕ್ಕೋರು ವಾಪಸ್. ಫೋಮ್ ಸರಿಯಾಗಿ ಮುಟ್ಟಿಲ್ಲ ಅಂದ್ಕೊಂಡು ಇನ್ನೊಂದು ಡಬ್ಬ ಪೂರ್ತಿ ಖಾಲಿ ಮಾಡಿದೆ, ದುಡ್ಡೂ ತಗೊಂಡೆ. ಅದು ನಂಗೆ ಈಗ್ಲೂ ಬೇಜಾರು.

ಮೂರನೇ ಸಲ ಬಂದಾಗ ಅವ್ರು ಸಿಟ್ಟು ಮಾಡ್ಲಿಲ್ಲ. "ನೀವು ತೊಳೆದು ಕೊಟ್ಟ ಮೇಲೆ ಎಂಟು ದಿನ ಚಂದ ಇರ್ತದೆ ತಮ್ಮಾ, ಆಮೇಲೆ ಮತ್ತೆ ಅದೇ ಕಥೆ. ಮಳೆಗಾಲ ಮುಗಿದ್ರೆ ಸರಿ ಆಗ್ಬಹುದೇನೋ, ಇವನ ಬ್ಯಾಗಿನ ತಳ ಸಮೇತ ದಿನಾ ಒದ್ದೆ" ಅಂದ್ರು.

"ಬ್ಯಾಗ್ ಎಲ್ಲಿ ಇಡ್ತ್ರಿ ಅಕ್ಕೋರೇ?"

"ಎದುರಿನ ಸೀಟಿನ ಕಾಲ ಹತ್ರ, ಎಡಗಡೆ. ಛತ್ರಿ ನೀರು ಬಿದ್ದು ಆಗೂದು ಅದು."

ಛತ್ರಿ ಹಿಂದಿನ ಸೀಟಲ್ಲಿತ್ತು! ನಾನು ರಬ್ಬರ್ ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಕೈ ಆಡಿಸಿದೆ, ಸ್ವಲ್ಪ ತಂಪು ಅಷ್ಟೇ. ಹೆಬ್ಬೆರಳಿಂದ ಒತ್ತಿ ಹಿಡಿದ್ರೆ ಬೆರಳಿನ ಸುತ್ತ ನೀರು ಮೇಲೆ ಬಂತು. ಕಾರ್ಪೆಟ್ ಅಡಿಯ ದಪ್ಪ ಫೆಲ್ಟ್ ಪೂರ್ತಿ ನೆನೆದು, ಅಂಚಿಗೆ ಕರಿ ಕರಿ ಚುಕ್ಕೆ ಬೂಸ್ಟು. ಗಾಡಿ ಲಿಫ್ಟಿಗೆ ಹಾಕಿದೆ. ಕದ್ರಾದಿಂದ ಎಸಿ ಹಾಕ್ಕೊಂಡೇ ಬಂದವ್ರು, ಡ್ರೈನ್ ಪೈಪಿನ ಬಾಯಲ್ಲಿ ಒಂದು ಹನಿ ನೀರಿಲ್ಲ. ರಬ್ಬರ್ ಪೈಪ್ ಮೆಲ್ಲಗೆ ತಿರುಚಿ ಎಳೆದೆ ನೋಡಿ, ಮೊಣಕೈ ತನಕ ಕಂದು ನೀರು ಸುರೀತು, ಕೊಳೆತ ಅಡಿಕೆ ಸಿಪ್ಪೆ ರಾಶಿ ಕೆದರಿದ ಹಾಗೆ ವಾಸನೆ. ಪೈಪಿನ ಒಳಗೆ ಮಣ್ಣಿನ ಬಿರಡೆ. ಗೋಡೆ ಮೂಲೆಲಿ ಮಣ್ಣಿನ ಗೂಡು ಕಟ್ತದಲ್ಲ ಆ ಕಣಜದ ಹುಳ, ಅದು ಬೇಸಿಗೆಲಿ ಪೈಪಿನ ಒಳಗೆ ಗೂಡು ಕಟ್ಟಿ ಬಿಟ್ಟಿತ್ತು. ಒಡೆದು ನೋಡಿದ್ರೆ ಒಳಗೆ ಮರಿಗೆ ಅಂತ ತಂದು ತುಂಬಿದ ಸಣ್ಣ ಸಣ್ಣ ಜೇಡ, ಒಣಗಿ ಮುದುಡಿಕೊಂಡು, ಐದಾರು ಇದ್ವು.

ಹೊರಗೆ ಹೋಗ್ಲಿಕ್ಕೆ ದಾರಿ ಇಲ್ದೆ ಕಾಯಿಲ್ ಪೆಟ್ಟಿಗೆಲಿ ನೀರು ತುಂಬಿ, ಉಕ್ಕಿ, ಕಾರ್ಪೆಟ್ ಅಡಿಗೆ ಇಳಿತಾ ಇತ್ತು. ಇನ್ನೊಂದು ವಿಷಯ ಅದೆ, ಅದೇ ಮುಖ್ಯ. ಒಳಗಿನ ಗಾಳಿನೇ ತಿರುಗಿಸೂ ಬಟನ್ ಒತ್ತಿದ್ರೆ, ಅಂದ್ರೆ ರೀಸರ್ಕ್ಯುಲೇಶನ್, ಬ್ಲೋವರ್ ಗಾಳಿ ಎಳಿಯೂದು ಸುಮಾರಾಗಿ ಎಲ್ಲಾ ಗಾಡಿಲೂ ಎಡಗಡೆ ಕಾಲ ಹತ್ರ, ಗ್ಲೋವ್ ಬಾಕ್ಸ್ ಕೆಳಗಿಂದ. ಅಕ್ಕೋರು ಧೂಳು ಬೇಡ ಅಂತ ಯಾವಾಗ್ಲೂ ಆ ಬಟನ್ ಒತ್ತೇ ಇಡ್ತಿದ್ರು. ಹಂಗಾಗಿ ನಾನು ಎಷ್ಟು ಕಾಯಿಲ್ ತೊಳೆದ್ರೂ ಆ ಕೊಳೆತ ಫೆಲ್ಟಿನ ಗಾಳಿನೇ ಮತ್ತೆ ಮೇಲೆ ಬಂದು ಹುಡುಗನ ಮುಖಕ್ಕೆ ಹೊಡಿತಾ ಇತ್ತು. ಬೂಸ್ಟಿನ ಗಾಳಿ ದಮ್ಮು ಇದ್ದವರಿಗೆ ಎಷ್ಟು ಕೆಟ್ಟದ್ದು ಅಂತ ಗೊತ್ತಿದ್ದೂ ನಾನು ಒಂದ್ಸಲ ಮ್ಯಾಟ್ ಎತ್ತಿ ನೋಡ್ಲಿಲ್ಲ.

ಸೀಟ್ ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆದೆ. ಆ ಮಳೆಲಿ ಬಿಸಿಲು ಎಲ್ಲಿಂದ ಬರ್ಬೇಕು, ನಾಲ್ಕು ದಿನ ಫ್ಯಾನ್ ಕೆಳಗೇ ಒಣಗಿಸಿದ್ದು. ಅಷ್ಟರಲ್ಲಿ ಡ್ರೈನ್ ಪೈಪಿನ ತೂತಿಂದ ಕಾಯಿಲ್ ಪೆಟ್ಟಿಗೆಗೆ ಫೋಮ್ ತುಂಬಿ ಇಪ್ಪತ್ತು ನಿಮಿಷ ಹಾಗೇ ಬಿಟ್ಟೆ, ವಾಪಸ್ ಇಳಿದ ನೊರೆ ಮೊದ್ಲು ಕಾಫಿ ಬಣ್ಣ, ಮೂರನೇ ಸಲಕ್ಕೆ ಬೆಳ್ಳಗಾಯ್ತು. ಡ್ಯಾಶ್‌ಬೋರ್ಡಿನ ಗಾಳಿ ಬರೂ ಗ್ರಿಲ್ಲಿಂದ ಫೋಮ್ ಹೊಡೆದ್ರೆ ಕಾಯಿಲಿಗೆ ಹೆಚ್ಚಿಂದು ಮುಟ್ಟೂದೇ ಇಲ್ಲ, ಈ ಕೆಳಗಿನ ದಾರಿನೇ ಒಳ್ಳೇದು. ಆ ಸಲ ದುಡ್ಡು ತಗೊಳ್ಳಿಲ್ಲ, ಮೊದ್ಲು ತಗೊಂಡದ್ದರಲ್ಲಿ ಎರಡನೇ ಸಲದ್ದು ವಾಪಸ್ ಕೊಟ್ಟೆ.

ಈಗ ವಾಸನೆ ಅಂತ ಯಾರು ಬಂದ್ರೂ ನಾನು ಮೊದ್ಲೇ ಫೋಮ್ ಡಬ್ಬ ಕೈಗೆ ತಗೊಳ್ಳೂದಿಲ್ಲ. ಮೊದ್ಲು ಗಾಡಿ ಅಂಗಡಿಲೇ ರಾತ್ರಿ ಬಿಟ್ಟು ಹೋಗಿ ಅಂತೇನೆ, ಬೆಳಿಗ್ಗೆ ತಣ್ಣಗಿರುವಾಗ ನಾನೇ ಕೂತು ಸ್ಟಾರ್ಟ್ ಮಾಡ್ತೆ, ಯಾಕಂದ್ರೆ ಓಡಿಸ್ಕೊಂಡು ಬಂದ ಗಾಡಿಲಿ ಆ ಮೊದಲ ನಿಮಿಷದ ವಾಸನೆ ಹೋಗಿಬಿಟ್ಟಿರ್ತದೆ. ಹೊರಗಿನ ಗಾಳಿ ಬಟನ್ನಲ್ಲಿ ಒಂದ್ಸಲ, ಒಳಗಿನದ್ದರಲ್ಲಿ ಒಂದ್ಸಲ ಮೂಸಿ ನೋಡೂದು. ಎರಡರಲ್ಲೂ ಬಂದು ಒಂದು ನಿಮಿಷದಲ್ಲಿ ಕಡಿಮೆ ಆದ್ರೆ ಕಾಯಿಲ್ಲೇ. ಒಳಗಿನ ಗಾಳಿಲಿ ಮಾತ್ರ ಬಂದ್ರೆ ಕಾರ್ಪೆಟ್, ಡಿಕ್ಕಿ, ಸೀಟಿನ ಅಡಿ ನೋಡ್ಬೇಕು; ಬೈತಕೋಲ ಬಂದರಿಂದ ಮೀನು ತಂದ ಚೀಲದ ನೀರು ಇಳಿದಿದ್ರೂ ಇಲ್ಲೇ ಸಿಕ್ತದೆ. ಹೊರಗಿನ ಗಾಳಿಲಿ ಮಾತ್ರ ಬಂದ್ರೆ ಬಾನೆಟ್ ಎತ್ತಿ ವೈಪರ್ ಕೆಳಗಿನ ಜಾಲರಿ, ಅಲ್ಲಿ ಹಲಸಿನ ಎಲೆ, ಮಾವಿನ ಎಲೆ ಕೊಳೆತು ಗೊಬ್ಬರ ಆಗಿರ್ತದೆ, ಕೆಲವು ಸಲ ಇಲಿ ಗೂಡು. ಸಿಹಿ ಸಿಹಿ ವಾಸನೆ ಬಂದು ಗಾಜಿನ ಒಳಗಡೆ ಜಿಡ್ಡು ಮಂಜು ಕೂತ್ರೆ ಅದು ಬೂಸ್ಟೇ ಅಲ್ಲ, ಹೀಟರ್ ಕಾಯಿಲ್ ಸೋರಿ ಎಂಜಿನ್ ತಂಪು ಮಾಡೂ ಕೂಲಂಟ್ ಬರ್ತಾ ಅದೆ, ತಡ ಮಾಡಬಾರ್ದು. ಆಮೇಲೆ ಹದಿನೈದು ನಿಮಿಷ ಎಸಿ ಓಡಿಸಿ ಅಡಿಗೆ ಬಗ್ಗಿ ನೋಡೂದು. ನಮ್ಮ ಊರಲ್ಲಿ ಮಳೆಗಾಲಕ್ಕೆ ಗಾಡಿ ಅಡಿ ನೀರು ತೊಟ್ಟಿಕ್ಕದಿದ್ರೆ ಆ ನೀರು ಒಳಗೆಲ್ಲೋ ನಿಂತದೆ ಅಂತಲೇ.

ಮನೇಲಿ ಮಾಡ್ಕೊಳ್ಳುವವರಿಗೆ ಒಂದು ಮಾತು: ಪೈಪಿನ ಒಳಗೆ ಗಟ್ಟಿ ತಂತಿ ಹಾಕಿ ಚುಚ್ಚಬೇಡಿ, ಕಾಯಿಲ್ ತೂತಾದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಹಳೇ ಗಾಡಿಲಿ ಕ್ಲಿಪ್ ಎಲ್ಲಾ ಮುರೀತದೆ. ಬ್ಲೀಚಿಂಗ್ ನೀರು ಅಂತೂ ಬೇಡವೇ ಬೇಡ, ಅಲ್ಯೂಮಿನಿಯಂ ತಿಂದು ಹಾಕ್ತದೆ. ಪರ್ಫ್ಯೂಮ್ ಇಟ್ರೆ ಮುಗ್ಗಲಿಗೆ ಮಲ್ಲಿಗೆ ಸೇರಿ ತಲೆನೋವು ಬರ್ತದೆ, ನಾನು ಮಾರೂದೇ ಬಿಟ್ಟೆ. ಅಂಕೋಲಾ ಕಡೆಯಿಂದ ಬರುವವರಿಗೆ ಕಾರವಾರಕ್ಕೆ ಸ್ವಲ್ಪ ಮುಂಚೆ ಸಿಗೂ ಬಿಣಗಾ ದಾಟಿದ ಕೂಡ್ಲೆ ಎಸಿ ಸ್ವಿಚ್ ಆಫ್ ಮಾಡಿ, ಬ್ಲೋವರ್ ಜೋರು ಇಟ್ಟು, ಹೊರಗಿನ ಗಾಳಿಗೆ ಹಾಕ್ಕೊಂಡು ಮನೆ ಮುಟ್ಟಿ ಅಂತೇನೆ. ಮಳೆಗಾಲದ ಗಾಳಿಗೆ ಕಾಯಿಲ್ ಪೂರ್ತಿ ಒಣಗೂದಿಲ್ಲ ಹೌದು, ಆದ್ರೆ ನೀರು ಇಳಿದು ಹೋಗ್ತದೆ, ಅಷ್ಟಕ್ಕೇ ಬಹಳ ಫರಕ್ ಕಾಣ್ತದೆ. ಫಿಲ್ಟರ್ ವರ್ಷಕ್ಕೊಂದು, ಮಳೆಗಾಲ ಮುಗಿದ ಮೇಲೆ ಬದಲಿಸಿದ್ರೆ ಒಳ್ಳೇದು.

ಅಕ್ಕೋರು ಈ ವರ್ಷ ಮೇ ಕೊನೆಗೇ ಗಾಡಿ ತಂದಿದ್ರು, ಮಿರ್ಗಕ್ಕೆ ಮುಂಚೆ. ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದ್ರೆ ಹುಳ ಬರೂದಿಲ್ಲ ಅಲ್ವಾ ಅಂತ ಕೇಳಿದ್ರು. ಬೇಡ ಅಕ್ಕೋರೇ, ಜಾಲರಿಗೆ ಲೋಳೆ ಕಟ್ಟಿ ಅದೇ ಬಿರಡೆ ಆಗ್ತದೆ, ವರ್ಷಕ್ಕೊಂದ್ಸಲ ಹಿಂಗೆ ತಂದು ತೋರಿಸಿ ಸಾಕು ಅಂದೆ. ನಾವು ಮಾತಾಡ್ತಾ ಇದ್ದಂಗೆ ಹುಡುಗ ನೆಲಕ್ಕೆ ಕೂತು ಗಾಡಿ ಅಡಿ ಇಣುಕಿ, "ಆಯಿ, ಬೀಳ್ತಾ ಅದೆ, ಬೀಳ್ತಾ ಅದೆ" ಅಂತ ಕೂಗಿದ.