ಹಗೇವು ಅಂದ್ರೆ ಏನು ಮಿಸ್?

ಕಳೆದ ವಾರ 5ನೇ ತರಗತಿಗೆ ನಾನೇ ಬರೆದ ಒಂದು ಸಣ್ಣ ಕಥೆ ಓದಿಸುತ್ತಿದ್ದೆ. ನಮ್ಮದು ಶಿರಾ ತಾಲೂಕಿನ ಒಂದು ಹಳ್ಳಿ ಶಾಲೆ. ತರಗತಿಯಲ್ಲಿ 14 ಮಕ್ಕಳಿದ್ದಾರೆ. ಜೋರಾಗಿ ಓದುತ್ತಾ ಬಂದ ಹುಡುಗ ಒಂದು ಕಡೆ ನಿಂತುಬಿಟ್ಟ. ಅಲ್ಲಿದ್ದ ಸಾಲುಗಳು ಇವು:

"ಆ ವರ್ಷ ಮಳೆ ಬರಲೇ ಇಲ್ಲ. ಗೌಡರು ಹಗೇವು ತೆಗೆಸಿದರು. ಊರಿನ ಒಂದೊಂದು ಮನೆಗೂ ನಾಲ್ಕು ಸೇರು ರಾಗಿ ಅಳೆದು ಕೊಟ್ಟರು."

"ಹಗೇವು ಅಂದ್ರೆ ಏನು ಮಿಸ್?"

ಉತ್ತರ ಬಾಯಿಗೆ ಬಂದೇ ಬಿಟ್ಟಿತ್ತು. ತಡೆದುಕೊಂಡೆ.

ಮೊದಲಾಗಿದ್ದರೆ ಹೇಳಿಬಿಡುತ್ತಿದ್ದೆ. ಹೇಳುವುದೇನು, ಪಾಠ ಶುರುವಾಗುವ ಮೊದಲೇ ಬೋರ್ಡಿನ ಮೇಲೆ "ಪದಗಳ ಅರ್ಥ" ಅಂತ ಬರೆದು, ಕೆಳಗೆ ಹತ್ತು ಪದ ಕೊಟ್ಟುಬಿಡುತ್ತಿದ್ದೆ. ಮಕ್ಕಳು ನೀಟಾಗಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಎಲ್ಲ ಸರಿ. ಒಂದು ಸಲ "ಕಂಗಾಲು" ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂದೆ. ಅರ್ಥವನ್ನು ತಪ್ಪಿಲ್ಲದೆ ಬರೆದಿದ್ದ ಹುಡುಗಿಯೇ ಹೀಗೆ ಬರೆದಿದ್ದಳು: "ನಮ್ಮ ಹಸುವಿಗೆ ನಾಲ್ಕು ಕಂಗಾಲು ಇವೆ." ಆ ವಾಕ್ಯ ನೋಡಿ ನನಗೆ ತುಂಬಾ ಬೇಜಾರಾಯಿತು. ತಪ್ಪು ಆ ಮಗುವಿನದಲ್ಲ. ಅರ್ಥ ಕೈಗೆ ಕೊಟ್ಟವಳು ನಾನು, ಪದದ ಪರಿಚಯ ಮಾಡಿಸದೇ ಬಿಟ್ಟವಳೂ ನಾನೇ.

ಹಗೇವಿಗೆ ವಾಪಸ್ ಬರುತ್ತೇನೆ. "ನಿಂಗೇನು ಅನ್ಸುತ್ತೆ?" ಅಂತ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಹಗೆ ಅಂದ್ರೆ ದ್ವೇಷ ಅಲ್ವಾ ಮಿಸ್? ಹಂಗಾದ್ರೆ ಹಗೇವು ಅಂದ್ರೆ ಶತ್ರುಗಳು."

ನನಗೆ ಖುಷಿಯಾಯಿತು. ಪದದ ಒಳಗೆ ಗೊತ್ತಿರುವ ತುಂಡು ಇದೆಯಾ ಅಂತ ಹುಡುಕಿದ್ದಾನೆ. "ಸರಿ, ಆ ಜಾಗದಲ್ಲಿ ಶತ್ರು ಅಂತ ಇಟ್ಟು ಓದು" ಅಂದೆ. "ಗೌಡರು ಶತ್ರು ತೆಗೆಸಿದರು. ಒಂದೊಂದು ಮನೆಗೂ ನಾಲ್ಕು ಸೇರು ರಾಗಿ..." ಅವನೇ ತಲೆ ಅಲ್ಲಾಡಿಸಿದ. ಕೂರಲಿಲ್ಲ ಮಿಸ್, ಅಂದ.

ಆಮೇಲೆ ತರಗತಿ ಪೂರ್ತಿ ಸೇರಿಕೊಂಡಿತು. ಒಬ್ಬಳು ಪೆಟ್ಟಿಗೆ ಅಂದಳು. ಯಾಕೆ ಅಂತ ಕೇಳಿದೆ. "ತೆಗೆಸಿದರು ಅಂತಿದೆ, ಅಂದ್ರೆ ಅದು ಮುಚ್ಚಿತ್ತು." ಹಿಂದಿನಿಂದ ಇನ್ನೊಬ್ಬ, "ಊರಿಗೆಲ್ಲಾ ಆಗೋಷ್ಟು ರಾಗಿ ಪೆಟ್ಟಿಗೇಲಿ ಹಿಡಿಯಲ್ಲ, ದೊಡ್ಡದಿರಬೇಕು" ಅಂದ. ಯಾವಾಗಲೂ ಮಾತೇ ಆಡದ ಒಂದು ಮಗು ಮೆಲ್ಲಗೆ ಹೇಳಿತು: "ತೆಗೆದರು ಅಂತಿಲ್ಲ ಮಿಸ್, ತೆಗೆಸಿದರು ಅಂತಿದೆ. ಆಳು ಬೇಕಾಗಿರುತ್ತೆ."

"ಸಿ" ಎಂಬ ಒಂದು ಅಕ್ಷರದಿಂದ ಆ ಮಗು ಅಷ್ಟು ದೂರ ಹೋಯಿತು! ವ್ಯಾಕರಣದ ಹೆಸರು ಅದಕ್ಕೆ ಗೊತ್ತಿಲ್ಲ. ಆದರೆ ಮಾಡುವುದಕ್ಕೂ ಮಾಡಿಸುವುದಕ್ಕೂ ಇರುವ ವ್ಯತ್ಯಾಸ ಮನೆ ಮಾತಿನಿಂದಲೇ ಗೊತ್ತಿದೆ.

ಒಂದೇ ಪದಕ್ಕೆ ಹತ್ತು ನಿಮಿಷ ಹೋಯಿತು. ಪಾಠ ಮುಗಿಸುವ ಒತ್ತಡ ನನಗೂ ಇದೆ. ಆದರೂ ಆ ಹತ್ತು ನಿಮಿಷ ದಂಡ ಅಂತ ನನಗೆ ಅನ್ನಿಸುವುದಿಲ್ಲ.

4ನೇ ತರಗತಿಗೆ ಬಂದ ಮಕ್ಕಳಿಗೆ ಇದು ಇನ್ನೂ ಜಾಸ್ತಿ ಬೇಕು. 3ನೇ ತರಗತಿವರೆಗೆ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಕಾರ್ಡು, ಚಿತ್ರ, ಹಾಡಿನ ಜೊತೆ ಕಲಿತಿರುತ್ತಾರೆ. ಪದ ತಿಳಿಯದಿದ್ದರೆ ಚಿತ್ರ ನೋಡಿದರೆ ಆಯಿತು. ಮುಂದೆ ಚಿತ್ರ ಕಡಿಮೆಯಾಗಿ ಸಾಲು ಉದ್ದವಾಗುತ್ತದೆ. ಆಗ ಮಗು ಕಷ್ಟದ ಪದದ ಮುಂದೆ ನಿಂತು ನನ್ನ ಮುಖ ನೋಡುತ್ತದೆ.

ಅಲ್ಲಿ ನಿಲ್ಲಬಾರದು ಅನ್ನುವುದನ್ನೇ ನಾನು ಮೊದಲು ಹೇಳಿಕೊಡುವುದು. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ವಾಕ್ಯದ ಕೊನೆಗೆ. ಸುಳಿವು ಮುಂದೆ ಕೂತಿರುತ್ತದೆ, ಮಗು ಹಿಂದೆಯೇ ನಿಂತಿರುತ್ತದೆ. "ಅಜ್ಜಿ ಗುಡಾಣ" ಅಂತ ಓದಿ ನಿಂತರೆ ಏನೂ ತಿಳಿಯದು. "ಅಜ್ಜಿ ಗುಡಾಣ ತೊಳೆದು ನೀರು ತುಂಬಿಸಿದಳು" ಅಂತ ಪೂರ್ತಿ ಓದಿದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೇ ನಾನು, "ನಿಲ್ಬೇಡ, ಸಾಲು ಮುಗ್ಸು, ಇನ್ನೊಂದು ಸಾಲು ಓದು, ಆಮೇಲೆ ವಾಪಸ್ ಬಾ" ಅನ್ನುತ್ತಿರುತ್ತೇನೆ. ಈಗ ಮಕ್ಕಳೇ ಒಬ್ಬರಿಗೊಬ್ಬರು ಹಾಗೆ ಹೇಳಿಕೊಳ್ಳುತ್ತಾರೆ.

ಇದಕ್ಕಿಂತ ಕಷ್ಟ ಇನ್ನೊಂದಿದೆ. ಗೊತ್ತಿರುವ ಹಾಗೆ ಕಾಣುವ ಪದ. "ಅಂಬಿಗ ಜೋರಾಗಿ ಹುಟ್ಟು ಹಾಕುತ್ತಾ ದೋಣಿಯನ್ನು ದಡಕ್ಕೆ ತಂದ" ಅಂತ ಓದಿಸಿದೆ. ಅಂಬಿಗ ಅಂದರೆ ಯಾರೋ ಒಬ್ಬ ಮನುಷ್ಯ ಅಂತ ಬೇಗ ಹಿಡಿದರು. ಕನ್ನಡಿಗ, ಹಾವಾಡಿಗ, ಗಾಣಿಗ ಗೊತ್ತಲ್ಲ. ಆದರೆ ಹುಟ್ಟು ಎಂಬಲ್ಲಿ ಯಾರೂ ನಿಲ್ಲಲೇ ಇಲ್ಲ. ಹುಟ್ಟುಹಬ್ಬದ ಹುಟ್ಟು ಅಂದುಕೊಂಡು ಸುಮ್ನೆ ದಾಟಿಬಿಟ್ಟರು. ನಮ್ಮದು ಒಣಸೀಮೆ, ದೋಣಿ ನೋಡಿದ ಮಕ್ಕಳೇ ಕಡಿಮೆ. "ಹುಟ್ಟೋದನ್ನ ಹಾಕೋಕಾಗುತ್ತಾ?" ಅಂದಾಗ ಎಲ್ಲರೂ ಮತ್ತೆ ಪುಸ್ತಕ ನೋಡಿದರು. ಒಬ್ಬ ನೀರು ತಳ್ಳುವ ಕೋಲು ಅಂದ, ಇನ್ನೊಬ್ಬಳು ಹಗ್ಗ ಅಂದಳು. ಆ ಸಾಲಿಗೆ ಎರಡೂ ಹೊಂದುತ್ತವೆ. ಮುಂದಿನ ಸಾಲಿನಲ್ಲಿ "ಎರಡು ಕೈಯಲ್ಲೂ ಒಂದೊಂದು ಹುಟ್ಟು ಹಿಡಿದು ನೀರನ್ನು ಹಿಂದಕ್ಕೆ ತಳ್ಳಿದ" ಅಂತ ಬಂದಾಗ ಹಗ್ಗ ಬಿಟ್ಟುಹೋಯಿತು. ನೆರೆ, ತೊರೆ, ಅರಸು, ಬೇಡ. ಇಂಥ ಪದಗಳನ್ನು ಹುಡುಕಿ ಹುಡುಕಿ ನನ್ನ ಕಥೆಗಳಲ್ಲಿ ಸೇರಿಸುತ್ತಿದ್ದೇನೆ.

ಎಲ್ಲ ಕಡೆಯೂ ಊಹೆ ನಡೆಯುವುದಿಲ್ಲ. ಒಂದು ಪುಟದಲ್ಲಿ ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಿ ಅಂದಿದ್ದೇನೆ. ಐದೂ ಮಡಚಿದರೆ ಆ ಪುಸ್ತಕ ಈಗ ಬೇಡ, ಇಲ್ಲವೇ ನಾನು ಪಕ್ಕದಲ್ಲಿ ಕೂತು ಓದುತ್ತೇನೆ. ಸುತ್ತಲಿನ ಪದಗಳೂ ಗೊತ್ತಿಲ್ಲದಿದ್ದರೆ ಮಗು ಯಾವುದನ್ನು ಹಿಡಿದು ಊಹಿಸಬೇಕು?

ನಿಘಂಟನ್ನೂ ದೂರ ಇಟ್ಟಿಲ್ಲ. ಊಹೆ ಮೊದಲು, ನಿಘಂಟು ಆಮೇಲೆ. ನೋಟ್‌ಬುಕ್ಕಿನಲ್ಲಿ ಊಹೆ ಪೆನ್ಸಿಲಿನಲ್ಲಿ ಬರೆಯಬೇಕು, ಸರಿಯಾದ ಅರ್ಥ ಪೆನ್ನಿನಲ್ಲಿ. ತಪ್ಪಾದ ಊಹೆಯನ್ನು ಅಳಿಸುವ ಹಾಗಿಲ್ಲ.

ಹಗೇವಿಗೆ ಮಾತ್ರ ನಿಘಂಟು ತೆಗೆಸಲಿಲ್ಲ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಕೇಳಿಕೊಂಡು ಬನ್ನಿ ಅಂದೆ. ಸಂಜೆ ನಾನೇ ನಿಘಂಟು ನೋಡಿದೆ. "ಹಗೆ" ಎಂಬುದಕ್ಕೆ ನೆಲದೊಳಗಿನ ಕಣಜ ಎಂಬ ಇನ್ನೊಂದು ಅರ್ಥವೂ ಇದೆ. ಹುಡುಗ ಹಿಡಿದ ತುಂಡು ಸರಿಯಾಗಿಯೇ ಇತ್ತು! ಮಾರನೇ ದಿನ ಮೊದಲು ಅದನ್ನೇ ಅವನಿಗೆ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ನೋಟ್‌ಬುಕ್ ತೋರಿಸುವ ಆತುರದಲ್ಲಿದ್ದ. ಅದರಲ್ಲಿ ಹೀಗಿತ್ತು:

"ಹಗೇವು. ಊಹೆ 1: ಶತ್ರು. ಊಹೆ 2: ದೊಡ್ಡ ಪೆಟ್ಟಿಗೆ. ಅಜ್ಜಿ ಹೇಳಿದ್ದು: ರಾಗಿ ತುಂಬಿ ಮುಚ್ಚಿಡೋ ನೆಲದೊಳಗಿನ ಗುಂಡಿ. ಬಾಯಿ ತೆಗೆದ ತಕ್ಷಣ ಇಳೀಬಾರದು, ಉಸಿರು ಕಟ್ಟುತ್ತೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ನಮ್ಮ ಮನೆ ಹಿಂದೆನೂ ಒಂದು ಇತ್ತಂತೆ."